ಲೋಣಾರ್: ಉಲ್ಕೆ ತೋಡಿದ ಉಪ್ಪುಕೆರೆ

ಉಪ್ಪುನೀರೆಂದರೆ ಸಿದ್ಧಕಟ್ಟೆಯ ಮಕ್ಕಳಿಗೆ ಪಣಂಬೂರಿನ ಕಡಲೇ ನೆನಪಾಗುವುದು. ಪಕ್ಕದ ಮೂಡುಬಿದಿರೆಯಲ್ಲಿ ಕಡಲಕೆರೆಯೇನೋ ಇದೆ. ಆದರೆ ಅದರ ನೀರು ಸಿಹಿ. ನಿಜವಾದ ಉಪ್ಪುಕೆರೆ ನೋಡಬೇಕಾದರೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರಿಗೆ ಹೋಗಬೇಕು. ಜಾಲ್ನಾದಲ್ಲಿ ರೈಲಿಳಿದರೆ ಮುಂದಿನದು ರಸ್ತೆಯ ದಾರಿ.

ಬಯಲಿನ ನಡುವೆ ನೆಲ ಕುಸಿದಂತೆ ದೊಡ್ಡದೊಂದು ಬಟ್ಟಲು ಕಾಣಿಸುತ್ತದೆ. ಅಂಚಿನಿಂದ ಅಂಚಿಗೆ ಸುಮಾರು 1.8 ಕಿ.ಮೀ.; ತಳದಲ್ಲಿ ಹಸಿರು ನೀರು. ಜ್ವಾಲಾಮುಖಿಯ ಬಾಯಿ ಎಂದೇ ಹಿಂದೆ ಹಲವರು ಭಾವಿಸಿದ್ದರು. ಭಾರೀ ಹೊಡೆತಕ್ಕೆ ಗಾಜಿನಂತಾದ ಖನಿಜಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇದು ಉಲ್ಕೆ ಬಿದ್ದು ಆದ ಕುಳಿ ಎಂದು 1973ರಲ್ಲಿ ತೋರಿಸಿದರು. ವಯಸ್ಸು 50 ಸಾವಿರ ವರ್ಷ ಎಂದು ಬಾಯಿಪಾಠ ಮಾಡಿದವರು ತಿದ್ದಿಕೊಳ್ಳಬೇಕು. ಆಮೇಲಿನ ಲೆಕ್ಕ ಸುಮಾರು 5.7 ಲಕ್ಷ ವರ್ಷ!

ಕಾಡಿನ ಕಾಲುದಾರಿಯಲ್ಲಿ ಇಳಿದರೆ ಹಳೆಯ ಗುಡಿಗಳು, ನವಿಲುಗಳು. ಸಿಹಿನೀರಿನ ಒರತೆಗಳು ಹರಿದು ಬಂದರೂ ಕೆರೆಯೇಕೆ ಉಪ್ಪು? ಬಂದ ನೀರಿಗೆ ಹೊರದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಜತೆಗೆ ಕ್ಷಾರವೂ ಹೆಚ್ಚು. ಅದನ್ನು ತಾಳಬಲ್ಲ ಸೂಕ್ಷ್ಮಜೀವಿಗಳದೇ ಇಲ್ಲಿ ರಾಜ್ಯ. 2020ರ ಜೂನ್‌ನಲ್ಲಿ ನೀರು ಇಳಿದು ಉಪ್ಪು ಹೆಚ್ಚಿದಾಗ ಇವು ಕೆರೆಯನ್ನೇ ಗುಲಾಬಿಯಾಗಿಸಿದವು.

ಅದೇ ವರ್ಷ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಕೊಳಚೆಯೋ, ಅತಿಯಾದ ಸಿಹಿನೀರೋ ಸೇರಿದರೆ ಉಪ್ಪು ತೆಳುವಾಗಿ ಈ ಜೀವಿಗಳು ಅಳಿದಾವು. ಸಾಬೂನು ಹಚ್ಚಿ ಕೈತೊಳೆಯುವುದೂ ಇಲ್ಲಿ ಬೇಡ.

ಇಳಿಯುವುದು ಸುಲಭ, ಬಿಸಿಲೇರಿದ ಮೇಲೆ ಹತ್ತುವುದು ಕಷ್ಟ. ಕುಡಿಯುವ ನೀರನ್ನು ಮೇಲಿನಿಂದಲೇ ಒಯ್ಯಬೇಕು.