ಕರೆಂಟು ಹೋದ ಮೂರು ರಾತ್ರಿ

ನಮ್ಮ ಸೀಮೆಯ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತೂ ಇದೆ. ಆದರೆ ಈ ಮಳೆಗಳಿಗೆ ಮುಂಚೆ ಬರುವ ಗಾಳಿಗೆ ಮಾತ್ರ ಯಾರೂ ಹೆಸರಿಟ್ಟಂತಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆಯ ನೆಲ ಹಂಚಿನಂತೆ ಕಾಯುತ್ತದೆ. ಮೇಲೆದ್ದ ಬಿಸಿಗಾಳಿ ಮೋಡ ಕಟ್ಟುತ್ತದೆ. ಸಂಜೆಯ ಹೊತ್ತಿಗೆ ಅದೇ ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ಸಿಕ್ಕ ಕಡೆಗೆಲ್ಲ ನುಗ್ಗುತ್ತದೆ. ಹೆಚ್ಚೆಂದರೆ ಅರ್ಧ ಗಂಟೆಯ ಆಟ. ಅದು ಕೆಡಿಸಿದ್ದನ್ನು ಸರಿಪಡಿಸಲು ಮಾತ್ರ ದಿನಗಳು ಬೇಕು.

ಮೇ ತಿಂಗಳ ಮೊದಲ ವಾರದ ಅಂಥದೊಂದು ಸಂಜೆ ನಮ್ಮ ಬೀದಿಯ ಗುಲ್‌ಮೊಹರ್ ಮರ ಹೂವಿನ ಸಮೇತ ತಂತಿಗಳ ಮೇಲೆ ಒರಗಿತು. ಟಿ.ಸಿ. ಕೂರಿಸಿದ್ದ ಕಂಬ ವಾಲಿತು. ಗುಲ್‌ಮೊಹರ್ ಬೇಗ ಬೆಳೆಯುತ್ತದೆ, ಬೇಗ ಮುರಿಯುತ್ತದೆ. ಅದರ ಬುಡದ ಒಂದು ಕಡೆಯ ಬೇರನ್ನು ಚರಂಡಿಗಾಗಿ ಕಡಿದು, ಇನ್ನೊಂದು ಕಡೆಗೆ ಕಾಂಕ್ರೀಟು ಸುರಿದಿದ್ದರು. ಹತ್ತು ಹೆಜ್ಜೆ ಆಚೆಗಿದ್ದ ಹಳೆಯ ಬೇವು ಎಲೆ ಉದುರಿಸಿಕೊಂಡು ನಿಂತೇ ಇತ್ತು.

ಮೊದಲ ರಾತ್ರಿ ಯಾರಿಗೂ ಅಂಥ ಚಿಂತೆ ಇರಲಿಲ್ಲ. ಮಳೆ ಬಂದು ತಂಪಾಗಿತ್ತು. ಮಕ್ಕಳು ಮೊಬೈಲ್ ಬೆಳಕಲ್ಲಿ ಗೋಡೆಯ ಮೇಲೆ ಕೈಯ ನೆರಳಿನ ಆಟ ಆಡಿದರು. "ಕೆಇಬಿಯವ್ರಿಗೆ ಫೋನ್ ಮಾಡಿದ್ರಾ?" ಎಂದು ನಮ್ಮ ಅಮ್ಮಿ, ಅಂದರೆ ನನ್ನ ಅತ್ತೆ, ಕೇಳುತ್ತಲೇ ಇದ್ದರು. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಬೆಸ್ಕಾಂ ಬಂತು. ಅಮ್ಮಿಯ ಬಾಯಲ್ಲಿ ಇವತ್ತಿಗೂ ಅದು ಕೆಇಬಿಯೇ.

ಬೆಳಿಗ್ಗೆ ಎದ್ದಾಗ ತಂಪು ಹೋಗಿ ಸೆಕೆ ಬಂದಿತ್ತು. ಅಮ್ಮಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನಲ್ಲಿ ತಿಂಗಳಿಗಾಗುವಷ್ಟು ಇನ್ಸುಲಿನ್ ಇತ್ತು. ಒಡೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಬಳಕೆಯಲ್ಲಿರುವುದು ಹೊರಗಿದ್ದರೂ ಸುಮಾರು ನಾಲ್ಕು ವಾರ ಕೆಡುವುದಿಲ್ಲ, ಆದರೆ 25-30 ಡಿಗ್ರಿ ದಾಟಬಾರದು. ನಮ್ಮ ಊರಿನ ಮೇ ತಿಂಗಳು ಈ ಲೆಕ್ಕವನ್ನೆಲ್ಲಿ ಕೇಳುತ್ತದೆ? ಐಸು ತರೋಣವೆಂದರೆ ಅಂಗಡಿಗಳ ಫ್ರಿಜ್ಜೂ ಬಾಯಿ ತೆರೆದುಕೊಂಡಿತ್ತು. ಮಂಜುಗಡ್ಡೆಗೆ ನೇರ ತಾಗಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಅದೂ ಹಾಳು.

ದಾರಿ ತೋರಿಸಿದವರು ಅಮ್ಮಿಯೇ. ಅಟ್ಟದ ಮೇಲಿಂದ ಹಳೆಯ ಹರವಿ ಇಳಿಸಿದರು. ಅದರೊಳಗೆ ಒಂದು ಸಣ್ಣ ಮಣ್ಣಿನ ಕುಡಿಕೆ ಇಟ್ಟು, ಎರಡರ ನಡುವೆ ಒದ್ದೆ ಮರಳು ತುಂಬಿ, ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕುಡಿಕೆಗೆ ಇಳಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದರು. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಕಿಟಕಿಯ ಗಾಳಿಗೆ, ನೆರಳಿಗೆ ಇಡಬೇಕು, ಮರಳು ಒಣಗಲು ಬಿಡಬಾರದು, ಅಷ್ಟೆ. "ನಮ್ಮಮ್ಮ ಹಾಲು ಹಿಂಗೇ ಇಡ್ತಿದ್ಲು" ಎಂದರು. ಫ್ರಿಜ್ಜಿಗೆ ಇದು ಸಮನಲ್ಲ, ಆದರೆ ಕೋಣೆಯ ಬಿಸಿಗಿಂತ ಎಷ್ಟೋ ಮೇಲು. ಔಷಧ ಅಂಗಡಿಯವರನ್ನು ಕೇಳಿದಾಗ ಅವರೂ ಹೌದೆಂದರು.

ಹರವಿಗೂ ನೀರು ಬೇಕಲ್ಲ! ಎರಡನೆಯ ದಿನದ ನಿಜವಾದ ಕಷ್ಟ ಬೆಳಕಿನದ್ದಲ್ಲ, ನೀರಿನದ್ದು. ದಾವಣಗೆರೆ ಕುಡಿಯುವುದು ಭದ್ರಾ ನಾಲೆಯ ನೀರನ್ನು, ಮತ್ತು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರನ್ನು. ಹೊಳೆ ತಾನಾಗಿ ಊರಿಗೆ ಬರುವುದಿಲ್ಲ, ಮೋಟಾರು ಎತ್ತಿ ತರಬೇಕು. ನಲ್ಲಿ ನಮ್ಮ ಬೀದಿಗೆ ಬರುವುದೂ ಸರದಿಯ ಪ್ರಕಾರ. ಸಂಪಿನಲ್ಲಿ ನೀರಿದ್ದವರಿಗೂ ಅದನ್ನು ಮೇಲಿನ ಟ್ಯಾಂಕಿಗೆ ಏರಿಸಲು ಕರೆಂಟಿಲ್ಲ. ಹಿಂದೆ ಬೀದಿಯ ತುದಿಯಲ್ಲಿ ಒಂದು ಕೈಪಂಪು ಇತ್ತು. ಆ ಬೋರಿಗೆ ಮೋಟಾರು ಇಳಿಸಿ ಮಿನಿ ಟ್ಯಾಂಕ್ ಕಟ್ಟಿದಾಗ ಪಂಪನ್ನು ಕಳಚಿಕೊಂಡು ಹೋದರು. ಆಗ ಎಲ್ಲರಿಗೂ ಸಂತೋಷವಾಗಿತ್ತು, ಕೈ ನೋವು ತಪ್ಪಿತೆಂದು. ಈಗ ಬೋರಿನಲ್ಲಿ ನೀರಿದೆ, ಎತ್ತುವ ಉಪಾಯವಿಲ್ಲ.

ಹರಿಹರದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಇಲ್ಲಿಂದ 14 ಕಿ.ಮೀ. ದೂರ, ಗಾಳಿ ಅಲ್ಲಿಯೂ ಬೀಸಿತ್ತು. "ಆಪಾ, ಮಾಳಿಗೆ ಮೇಲೆ ನಿಂತ್ರೆ ಹೊಳೆ ಕಾಣ್ತೈತೆ, ಮನೇಲಿ ಒಂದು ಬಿಂದಿಗೆ ನೀರಿಲ್ಲ" ಎಂದಳು. ಅಷ್ಟರಲ್ಲಿ ಅವಳ ಫೋನಿನ ಚಾರ್ಜು ಮುಗಿಯಿತು. ಹಿಂದಿನ ಕಾಲದಲ್ಲಿ ಕರೆಂಟು ಹೋದರೆ ದೀಪ ಮಾತ್ರ ಹೋಗುತ್ತಿತ್ತು. ಈಗ ಅದರ ಜೊತೆ ನೀರು, ಔಷಧ, ಸುದ್ದಿ, ತಂಗಿಯ ದನಿ, ಎಲ್ಲವೂ ಹೋಗುತ್ತವೆ.

ಮಸೀದಿಯ ಮೈಕಿನ ಬ್ಯಾಟರಿಯೂ ಮುಗಿದಿತ್ತು. ಎರಡನೆಯ ದಿನದ ಮಗ್ರಿಬಿಗೆ ಮೌಜನ್ ಸಾಹೇಬರು ಅಂಗಳದಲ್ಲಿ ನಿಂತು ಬರಿ ಗಂಟಲಿನಲ್ಲಿ ಅಜಾನ್ ಕೂಗಿದರು. ಬೀದಿ ಸುಮ್ಮನಿದ್ದುದರಿಂದ ನಮ್ಮ ಮನೆಯವರೆಗೂ ಕೇಳಿಸಿತು. ಆ ರಾತ್ರಿ ಕಮಿಟಿಯವರು ಶಾಮಿಯಾನದ ಅಂಗಡಿಯಿಂದ ಜನರೇಟರ್ ಬಾಡಿಗೆಗೆ ತಂದು ಮಸೀದಿಯ ಬೋರಿನ ಮೋಟಾರನ್ನು ಎರಡು ಗಂಟೆ ಓಡಿಸಿದರು. ಪೈಪನ್ನು ಗೇಟಿನ ಹೊರಗೆ ಬಿಟ್ಟರು. ಕೊಡ, ಬಕೆಟ್ಟು, ಬಣ್ಣದ ಡಬ್ಬಿ ಹಿಡಿದು ಇಡೀ ಬೀದಿ ಸಾಲಿನಲ್ಲಿ ನಿಂತಿತು. ಯಾರ ಕೊಡ ಮೊದಲು ಎಂಬುದಕ್ಕೆ ಸಣ್ಣ ಜಗಳವೂ ಆಯಿತು. ಎದುರುಮನೆಯ ಅಜ್ಜಿ, "ಬಸುರಿ ಹೆಂಗಸ್ರು, ಹಸುಗೂಸು ಇರೋರು ಮೊದ್ಲು ಹಿಡೀರಿ, ಉಳಿದೋರು ಆಮ್ಯಾಲೆ" ಎಂದು ಜೋರು ಮಾಡಿದ ಮೇಲೆ ಸಾಲು ನೆಟ್ಟಗಾಯಿತು.

ಮೂರನೆಯ ದಿನ ಮಧ್ಯಾಹ್ನ ಲೈನ್‌ಮನ್‌ಗಳು ಬಂದರು. ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲದವರೆಂದು ನೋಡಿದರೆ ತಿಳಿಯುತ್ತಿತ್ತು. ಇಷ್ಟು ತಡವೇಕೆಂದು ಕೂಗಾಡಲು ಕೆಲವರು ಸಿದ್ಧರಾಗಿದ್ದರು. ಅವರಲ್ಲೊಬ್ಬ ಮರ ಕಡಿಯುತ್ತಲೇ ಹೇಳಿದ: "ಮೊದ್ಲು ದೊಡ್ಡ ಲೈನು, ಆಮೇಲೆ ಸ್ಟೇಷನ್ನು, ಆಮೇಲೆ ಫೀಡರು, ಆಮೇಲೆ ಟಿ.ಸಿ., ಕಡೀಗೆ ನಿಮ್ ಮನೆ. ಮೇಲಿಂದು ಸರಿ ಆಗದೆ ಕೆಳಗಿಂದು ಮಾಡಿ ಏನ್ ಪ್ರಯೋಜನ ಹೇಳ್ರಿ?" ಲೆಕ್ಕ ಸರಿಯೇ. ಒಂದು ಫೀಡರ್ ಸರಿಯಾದರೆ ಸಾವಿರಾರು ಮನೆಗೆ ಬೆಳಕು, ಆಸ್ಪತ್ರೆ ಮತ್ತು ನೀರಿನ ಪಂಪು ಮೊದಲು.

ಕಂಬ ಹತ್ತುವ ಮುಂಚೆ ಅವನು ಮನೆಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಯಾರ ಮನೇಲಾದ್ರೂ ಜನರೇಟರ್ ಐತಾ? ಲೈನಿಗೆ ಕೊಟ್ಟೀರಾ?" ಚೇಂಜೋವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ನೇರ ಜೋಡಿಸಿದರೆ ಆ ಕರೆಂಟು ಹಿಂದಕ್ಕೆ ಹರಿದು ಟಿ.ಸಿ. ಸೇರುತ್ತದೆ. 11,000 ವೋಲ್ಟನ್ನು ಇಳಿಸಿ ನಮ್ಮ ಮನೆಗೆ 230 ಕೊಡುವ ಅದೇ ಟಿ.ಸಿ. ಆಗ ತಿರುಗುಮುರುಗಾಗಿ, 230ನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಬಂದ್ ಆಗಿದೆಯೆಂದು ನಂಬಿ ಮೇಲೆ ಹತ್ತಿದವನು ಯಾರದೋ ಮನೆಯ ಫ್ಯಾನಿಗಾಗಿ ಪ್ರಾಣ ಬಿಡುತ್ತಾನೆ. ಅದಕ್ಕೇ ಅವರು ತಂತಿಗೆ ಅರ್ಥಿಂಗ್ ಸರಪಳಿ ಹಾಕಿಯೇ ಮುಟ್ಟುತ್ತಾರೆ. ಓದುಗರು ಇದೊಂದನ್ನು ನೆನಪಿಡಬೇಕು. ಹಾಗೆಯೇ, ಬಿದ್ದ ತಂತಿ ಸತ್ತಂತೆ ಕಂಡರೂ ಮುಟ್ಟದೆ, ಮಕ್ಕಳನ್ನು ದೂರವಿಟ್ಟು 1912ಕ್ಕೆ ಫೋನ್ ಮಾಡಬೇಕು.

ರಾತ್ರಿ ಒಂಬತ್ತಕ್ಕೆ ಕರೆಂಟು ಬಂತು. ಬೀದಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಆದರೆ ಬೀದಿಯ ಕೊನೆಯ ತಗಡಿನ ಮನೆಗೆ ಬರಲಿಲ್ಲ. ಅದು ಖಾಲಾ ಮನೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಗಾಳಿಗೆ ಒಂದು ತಗಡು ಹಾರಿ, ಕಂಬದಿಂದ ಬರುವ ವೈರನ್ನೂ ಮೀಟರಿನ ಮೇಲಿನ ಪೈಪನ್ನೂ ಕಿತ್ತಿತ್ತು. ಭಟ್ಟಿಯ ಬಯಲಲ್ಲಿ ಹರವಿದ್ದ ಭತ್ತ ನೆನೆದದ್ದರಿಂದ ನಾಲ್ಕು ದಿನದ ಕೂಲಿಯೂ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅವರ ಬಿಲ್ಲು ಸೊನ್ನೆ. ಆದರೆ ಮನೆಯ ಕಡೆಯ ವೈರು, ಪೈಪು, ಎಲೆಕ್ಟ್ರಿಷಿಯನ್ನನ ಕೂಲಿ ಸೊನ್ನೆಯಲ್ಲವಲ್ಲ. ಕರೆಂಟು ಪುಕ್ಕಟೆ, ಅದು ಬರುವ ದಾರಿಗೆ ಹಣ ಬೇಕು.

ಅವರ ಮಗಳು ಪಿಯುಸಿ ಪರೀಕ್ಷೆ-2 ಬರೆಯುತ್ತಿದ್ದಳು. ಅಕೌಂಟೆನ್ಸಿ ಉಳಿದಿತ್ತು. ಪುಸ್ತಕ ಹಿಡಿದು ನಮ್ಮ ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಕೂತಳು. "ಟೀಚರ್, ಎಲ್ರಿಗೂ ಕರೆಂಟ್ ಇಲ್ದಾಗ ನಮ್ಮನೆ ಇಷ್ಟು ಕತ್ಲೆ ಅನಿಸ್ತಿರಲಿಲ್ಲ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೂರು ರಾತ್ರಿ ಇಡೀ ಬೀದಿ ಒಂದೇ ಆಗಿತ್ತು. ಇನ್ವರ್ಟರ್ ಇದ್ದ ಮನೆಗಳೂ ಕೊನೆಗೆ ಕತ್ತಲೆಗೇ ಬಂದಿದ್ದವು. ಬೆಳಕು ಬಂದ ಕೂಡಲೇ ಬಾಗಿಲುಗಳು ಮುಚ್ಚಿದವು, ಟಿ.ವಿ.ಗಳು ಮಾತಾಡತೊಡಗಿದವು. ಖಾಲಾ ಮನೆಯ ದೂರು ಒಂದೇ ಮನೆಯ ದೂರಾಯಿತು. ಒಂದೇ ಮನೆಯ ದೂರು ಯಾವಾಗಲೂ ಪಟ್ಟಿಯ ಕೊನೆಗೆ ಹೋಗುತ್ತದೆ.

ನಮ್ಮ ಯಜಮಾನರು, ಎದುರುಮನೆಯ ಅಜ್ಜಿಯ ಮಗ, ಮಸೀದಿಯ ಕಮಿಟಿಯವರು ಸ್ವಲ್ಪ ಸ್ವಲ್ಪ ಹಾಕಿ ವೈರು-ಪೈಪು ತಂದರು. ಖಾಲಾ ಸುಮ್ಮನೆ ತೆಗೆದುಕೊಳ್ಳಲಿಲ್ಲ. "ಭಟ್ಟಿ ಶುರುವಾದ ಮೇಲೆ ತಿಂಗಳು ತಿಂಗಳು ಕೊಡ್ತೀನಿ" ಎಂದು ಮಗಳ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಸಿದರು. ಮಗಳು ಅಕೌಂಟೆನ್ಸಿಯ ವಿದ್ಯಾರ್ಥಿನಿಯಲ್ಲವೇ, ಖರ್ಚು-ಜಮೆ ಎರಡೂ ಕಡೆ ಚೆನ್ನಾಗಿ ಗೆರೆ ಎಳೆದು ಬರೆದಿದ್ದಳು. ಐದನೆಯ ದಿನ ಸಂಜೆ ಆ ಮನೆಗೂ ಕರೆಂಟು ಬಂತು.

ಮಿನಿ ಟ್ಯಾಂಕಿನ ಪಕ್ಕ ಮತ್ತೆ ಒಂದು ಕೈಪಂಪು ಹಾಕಿಕೊಡಿ ಎಂದು ಬೀದಿಯವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಬರೆದಿದ್ದೇವೆ. ಗುಲ್‌ಮೊಹರ್ ಬಿದ್ದ ಜಾಗದಲ್ಲಿ ಬೇವು ನೆಡಿ, ಬುಡಕ್ಕೆ ಮಣ್ಣು ಬಿಡಿ ಎಂಬುದನ್ನೂ ಅದರಲ್ಲಿ ಸೇರಿಸಿದ್ದೇವೆ. ಮೊದಲ ಸಹಿ ಎದುರುಮನೆಯ ಅಜ್ಜಿಯ ಹೆಬ್ಬೆಟ್ಟು, ಎರಡನೆಯದು ಖಾಲಾ ಅವರದು.