ಮಂಜು ಕವಿದದ್ದು ಕಣ್ಣಿಗಲ್ಲ

ನಲವತ್ತು ದಾಟಿದವನಿಗೆ ರಾತ್ರಿ ದಾರಿ ಸರಿಯಾಗಿ ಕಾಣದಿದ್ದರೆ ಅವನು ಮೊದಲು ಸಂಶಯಪಡುವುದು ತನ್ನ ಕಣ್ಣನ್ನೇ. ನಾನೂ ಹಾಗೆಯೇ ಮಾಡಿದೆ. ವಿಜಯಪುರಕ್ಕೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಓದಲು ಒಂದು ಕನ್ನಡಕ ಸಿಕ್ಕಿತು. ದೂರದ ದೃಷ್ಟಿ ಚೆನ್ನಾಗಿಯೇ ಇದೆ ಎಂದರು. ಆದರೂ ರಾತ್ರಿ ಕಾರು ಓಡಿಸುವಾಗ ಮುಂದಿನ ರಸ್ತೆ ಕಂಬಳಿ ಹೊದ್ದು ಮಲಗಿದಂತೆ ಇರುತ್ತಿತ್ತು.

ಓದುಗರೇ, ನಾನಿರುವುದು ತೊರವಿಯಲ್ಲಿ. ವಿಜಯಪುರದಿಂದ ಟಿಕೋಟಾ, ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷಗಳು ನಮ್ಮ ಪಕ್ಕದಲ್ಲೇ ಇವೆ. ಮಹಿಳಾ ವಿಶ್ವವಿದ್ಯಾನಿಲಯವೂ ಇಲ್ಲಿಯೇ ಇದೆ. ನಮ್ಮಲ್ಲಿ ಮಳೆಗೆ ಬರವುಂಟು, ಬಿಸಿಲಿಗೆ ಬರವಿಲ್ಲ. ಈ ಬಿಸಿಲಿನ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ಹಿಂದಿನ ಮಾತು. ಚಳಿಗಾಲ ಮುಗಿಯುತ್ತಾ ಬಂದಿತ್ತು. ಟಿಕೋಟಾದಲ್ಲಿ ಸಂಬಂಧಿಕರ ಮದುವೆ ಮುಗಿಸಿಕೊಂಡು ತಾಯಿ, ಪತ್ನಿ ಮತ್ತು ಮಕ್ಕಳೊಂದಿಗೆ ಮರಳುತ್ತಿದ್ದೆ. ಇಶಾ ನಮಾಝ್ ಮುಗಿದು ಬಹಳ ಹೊತ್ತಾಗಿತ್ತು. ಎದುರಿನ ಲಾರಿಯ ಬೆಳಕು ಕಣ್ಣಿಗೆ ರಾಚಿ ಹೋದ ಮರುಕ್ಷಣವೇ ಪತ್ನಿ ಚೀರಿದಳು. ಬ್ರೇಕ್ ಒತ್ತಿದೆ. ಜೋಳದ ಕಣಕಿ ಹೇರಿದ ಚಕ್ಕಡಿಯೊಂದು ನಮ್ಮಿಂದ ಒಂದು ಮಾರು ದೂರದಲ್ಲಿತ್ತು. ಹಿಂದೆ ಒಂದು ಕೆಂಪು ಪಟ್ಟಿಯಾದರೂ ಹಚ್ಚಬಾರದೇ ಎಂದು ಗದರಿಸಲೆಂದೇ ಕೆಳಗಿಳಿದೆ. ಚಕ್ಕಡಿಯಲ್ಲಿದ್ದವರು ನಮ್ಮೂರಿನ ಹಿರಿಯ ರೈತರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ಏನ್ರೀ ಮಾಸ್ತರ್ರ, ಲೈಟ್ ಹಚ್ಚದ ಹಂಗ ಬರಾಕತ್ತೀರಲ್ಲ?"

ಲೈಟು ಹಚ್ಚಿಯೇ ಇತ್ತು.

ಮರುದಿನ ಬೆಳಿಗ್ಗೆ ನನ್ನ ತಾಯಿ ಅಂಗಳಕ್ಕೆ ಬಂದು ಕಾರಿನ ದೀಪವನ್ನು ಸೆರಗಿನಿಂದ ಒರೆಸಿ ನೋಡಿದರು. ಹಳದಿ ಪೊರೆ ಒರೆಸಿದರೆ ಹೋಗುವಂತಿರಲಿಲ್ಲ. "ಬೇಟಾ, ಆಪರೇಶನ್‌ಗೆ ಮುಂಚೆ ನನ್ನ ಕಣ್ಣು ಹೀಗೇ ಇತ್ತು" ಎಂದರು. ಹನ್ನೆರಡು ವರ್ಷದ ಹಳೆಯ ಕಾರಿಗೆ ಮೋತಿಬಿಂದು! ದಿನಾಲೂ ಬಾಗಿಲ ಮುಂದೆಯೇ ನಿಂತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಬಿ.ಎ. ಓದಿದ ನನಗೆ ರಸಾಯನಶಾಸ್ತ್ರ ದೂರದ ನೆಂಟ. ವಿಚಾರಿಸಿ ತಿಳಿದುಕೊಂಡದ್ದು ಇಷ್ಟು. ಹಿಂದಿನ ಅಂಬಾಸಿಡರ್, ಪದ್ಮಿನಿ ಕಾರುಗಳ ದೀಪಕ್ಕೆ ಗಾಜು ಇರುತ್ತಿತ್ತು. ಕಲ್ಲು ಬಡಿದರೆ ಅದು ಒಡೆಯುತ್ತಿತ್ತೇ ವಿನಾ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಗಟ್ಟಿ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳದು. ಹಾಗಾಗಿ ಕಾರ್ಖಾನೆಯಲ್ಲಿ ಅದರ ಮೇಲೊಂದು ತೆಳುವಾದ ರಕ್ಷಣಾ ಲೇಪ ಹಚ್ಚುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದು ಲೇಪ ಸವೆಯುತ್ತದೆ, ಸಿಪ್ಪೆಯೇಳುತ್ತದೆ. ಆಮೇಲೆ ಪ್ಲಾಸ್ಟಿಕ್ಕೇ ಹಳದಿಯಾಗುತ್ತದೆ. ದೂಳು, ಮರಳು ತಾಗಿ ಸಣ್ಣ ಗೀರುಗಳೂ ಬೀಳುತ್ತವೆ. ನಮ್ಮ ಕಾರು ನಿಲ್ಲುವಲ್ಲಿ ಬಲಗಡೆ ಬೇವಿನ ನೆರಳಿದೆ, ಎಡಗಡೆ ಬಯಲು. ಎಡಗಡೆಯ ದೀಪವೇ ಹೆಚ್ಚು ಹಳದಿಯಾಗಿತ್ತು. ಇದಕ್ಕಿಂತ ಸಾಕ್ಷಿ ಬೇಕೇ?

ಅಮೆರಿಕದ ವಾಹನ ಸಂಘಟನೆ ಎಎಎ 2018ರಲ್ಲಿ ಇದನ್ನು ಪರೀಕ್ಷಿಸಿತ್ತು. ಹಳದಿಗಟ್ಟಿದ ದೀಪದಿಂದ ಹೊಸ ದೀಪದ ಶೇಕಡಾ 20ರಷ್ಟು ಬೆಳಕು ಮಾತ್ರ ಹೊರಬರುತ್ತದಂತೆ. ಉಜ್ಜಿ ಸರಿಪಡಿಸಿದರೆ ಶೇಕಡಾ 70ರಷ್ಟು ಮರಳುತ್ತದೆ. ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಪೊರೆಯೊಳಗೆ ಸಿಕ್ಕ ಬೆಳಕು ರಸ್ತೆಗೆ ಬೀಳದೆ ಎಲ್ಲೆಡೆ ಚೆದುರುತ್ತದೆ, ಎದುರಿನವರ ಕಣ್ಣಿಗೆ ಬೀಳುತ್ತದೆ. ಗ್ಯಾರೇಜಿನವರ ಮಾತು ಕೇಳಿ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿದ್ದೆ. ರಸ್ತೆಯೇನೂ ಹೆಚ್ಚು ಕಾಣಲಿಲ್ಲ, ಎದುರು ಬಂದ ಬೈಕಿನವರು ಮಾತ್ರ ಬೈದು ಹೋಗುತ್ತಿದ್ದರು. ಬೇರೆಯವರ ಬೆಳಕನ್ನು ದೂರುತ್ತಿದ್ದವನು ನಾನೇ ಅಲ್ಲವೇ! ಆ ಬಲ್ಬ್ ತೆಗೆಸಿ ಹಳೆಯದನ್ನೇ ಹಾಕಿಸಿದೆ.

ಹೊಸ ದೀಪದ ಬೆಲೆ ಕೇಳಿ ಸುಮ್ಮನಾದೆ. ಟೂತ್‌ಪೇಸ್ಟ್ ಹಚ್ಚಿ ಎಂದರು ಒಬ್ಬರು. ಹಚ್ಚಿ ಉಜ್ಜಿದೆ. ಹೊಳೆಯಿತು, ಮನೆಯವರೆಲ್ಲ ಮೆಚ್ಚಿದರು. ತಿಂಗಳೊಳಗೆ ಮತ್ತೆ ಅದೇ ಹಳದಿ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿದರೆ ಕ್ಷಣದಲ್ಲಿ ತಿಳಿಯಾಗುತ್ತದೆ ಎಂದರು ಇನ್ನೊಬ್ಬರು. ದಯವಿಟ್ಟು ಅದನ್ನು ಮಾಡಬೇಡಿ. ಅದರಲ್ಲಿನ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ. ನನ್ನದೇ ತಪ್ಪು ಬೇರೆ ಇತ್ತು. ಒರಟಾದ 400 ನಂಬರಿನ ಪೇಪರನ್ನು ನೀರಿಲ್ಲದೆ ಉಜ್ಜಿ ಆಳವಾದ ಗೀರು ಬೀಳಿಸಿಕೊಂಡೆ. ಅವನ್ನು ತೆಗೆಯಲು ಒಂದು ಶುಕ್ರವಾರ ಪೂರ್ತಿ ಹೋಯಿತು.

ಕೊನೆಗೆ ಸರಿಯಾಗಿ ಮಾಡಿದ್ದು ಹೀಗೆ. ದೀಪವನ್ನು ಸಾಬೂನಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ಪೆಟ್ಟಾಗದಂತೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ಮೊದಲು 800, ನಂತರ 1000, ಕೊನೆಗೆ 2000 ನಂಬರಿನದರಿಂದ ಉಜ್ಜಿದೆ. ಮಗಳು ನೀರು ಹಾಕುತ್ತಿದ್ದಳು. "ಅಬ್ಬಾ, ಅರಿಶಿನದ ನೀರು ಇಳಿಯುತ್ತಿದೆ" ಎಂದಳು. ಇಳಿಯುತ್ತಿದ್ದುದು ಹಳೆಯ ಲೇಪ. ನೀರಿನ ಹಳದಿ ಪೂರ್ತಿ ನಿಲ್ಲುವವರೆಗೆ ಮೊದಲ ಪೇಪರನ್ನು ಬಿಡಬಾರದು. ಅವಸರ ಮಾಡುವವರು ಕೆಡಿಸಿಕೊಳ್ಳುವುದು ಇಲ್ಲಿಯೇ. ಒಣಗಿದಾಗ ದೀಪ ಹಾಲಿನಂತೆ ಬೆಳ್ಳಗಾಗಿ, ಮೊದಲಿಗಿಂತ ಕೆಟ್ಟದಾಗಿ ಕಂಡಿತು. ಪತ್ನಿ ನನ್ನ ಮುಖ ನೋಡಿ ಏನೂ ಹೇಳದೆ ಒಳಗೆ ಹೋದಳು. ಗಾಬರಿಯಾಗಬೇಡಿ, ಅದು ಹಾಗೆಯೇ ಆಗುತ್ತದೆ.

ಉಳಿದದ್ದು ಹೊಸ ಲೇಪ. ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಸ್ಪ್ರೇ ತಂದಿದ್ದೆ. ಇದಿಲ್ಲದಿದ್ದರೆ ಉಜ್ಜಿದ್ದೆಲ್ಲ ಕೆಲವೇ ತಿಂಗಳ ಸಂತೋಷ. ನಮ್ಮೂರಿನ ದೂಳಿಗೆ ಹೆದರಿ ಫಜ್ರ್ ನಮಾಝ್ ಮುಗಿಸಿ ಬಂದವನೇ, ಗಾಳಿ ಏಳುವ ಮೊದಲೇ ಕೆಲಸಕ್ಕೆ ನಿಂತೆ. ಅದರ ಆವಿ ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು, ಬಯಲಿನಲ್ಲೇ ಮಾಡಬೇಕು. ಮೊದಲ ತೆಳು ಪದರ ಬೀಳುತ್ತಿದ್ದಂತೆ ಬಿಳುಪೆಲ್ಲ ಮಾಯವಾಗಿ ಒಳಗಿನ ಬಲ್ಬ್ ನಿಚ್ಚಳವಾಗಿ ಕಂಡಿತು! ಅದು ಒಣಗಿದ ಮೇಲೆ ಇನ್ನೊಂದು ಪದರ ಹಾಕಿದೆ. ಆ ದಿನ ಪೂರ್ತಿ ಕಾರು ಕದಲಿಸಲಿಲ್ಲ.

ಬಲಗಡೆಯ ದೀಪದ ಮೂಲೆಯಲ್ಲಿ ಒಳಗಿನಿಂದ ಹಿಡಿದ ಕಲೆಯೊಂದು ಹಾಗೆಯೇ ಉಳಿದಿದೆ. ಹೊರಗೆ ಎಷ್ಟು ಉಜ್ಜಿದರೂ ಒಳಗಿನದು ಹೋಗದು. ಬಿರುಕೂ ಹೋಗದು. ಅಂಥದ್ದಕ್ಕೆ ಹೊಸ ದೀಪವೇ ಆಗಬೇಕು.

ಸ್ಪ್ರೇ ಕೊಳ್ಳುವಾಗ ಅದೇ ಅಂಗಡಿಯಿಂದ ಹೊಳೆಯುವ ಕೆಂಪು ಟೇಪಿನ ಒಂದು ಸುರುಳಿಯನ್ನೂ ತಂದಿದ್ದೆ. ಮರುದಿನ ಸಂಜೆ ಆ ಹಿರಿಯ ರೈತರ ಮನೆಗೆ ಹೋಗಿ ಚಕ್ಕಡಿಯ ಹಿಂದಿನ ಹಲಗೆಗೆ ಅಂಟಿಸಿದೆ. ಅವರು ಚಹಾ ಕುಡಿಸಿದರು. ಉಳಿದ ಟೇಪನ್ನು ತಾವೇ ಇಸಿದುಕೊಂಡು ಎರಡೂ ಎತ್ತುಗಳ ಕೊಂಬಿಗೆ ಸುತ್ತಿದರು.