ಚಕ್ರ ಬಿಚ್ಚದ ಪಂಚರ್

ಅರಿಜೋನಾದ ಮರುಭೂಮಿಯಲ್ಲಿ ನನಗೆ ಸಿಕ್ಕ ಮೊದಲ ಗಿರಾಕಿ ಕೆನಡಾದ ಒಬ್ಬ ಅಜ್ಜ. 2012ರ ಡಿಸೆಂಬರ್. ಕ್ವಾರ್ಟ್‌ಸೈಟ್ ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲಿನಲ್ಲಿ ನಮ್ಮ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, ನಿಲ್ಲಿಸಿ ಎರಡು ದಿನವಾಗಿತ್ತು. ಅಜ್ಜ ಸೈಕಲ್ ತಳ್ಳಿಕೊಂಡು ಹೊರಟಿದ್ದರು, ಹಿಂದಿನ ಟೈರು ಚಪ್ಪಟೆಯಾಗಿತ್ತು. ಪಂಚರ್ ಹಾಕಿಕೊಡಲೇ ಎಂದು ಕೇಳಿದೆ. ಅವರು ನನ್ನನ್ನು ಬಿಟ್ಟು, ಹಿಂದೆ ಕುರ್ಚಿಯಲ್ಲಿ ಕೂತಿದ್ದ ನಮ್ಮ ಯಜಮಾನರ ಮುಖ ನೋಡಿದರು. ಇವರು ಕಾಫಿ ಲೋಟ ಹಿಡಿದ ಕೈಯನ್ನೇ ನನ್ನ ಕಡೆ ಚಾಚಿ, ತಮಗೆ ಗಾಳಿ ಹೊಡೆಯುವುದಷ್ಟೇ ಗೊತ್ತು, ಮಿಕ್ಕಿದ್ದೆಲ್ಲ ಇವಳದ್ದೇ ಎಂದರು.

ನನ್ನದೇ ಸರಿ. ಅರಸೀಕೆರೆಯಲ್ಲಿ ಅಪ್ಪನದು ಬಾಡಿಗೆ ಸೈಕಲ್ ಅಂಗಡಿ. ಗಂಡುಮಕ್ಕಳಿರಲಿಲ್ಲ. ಸ್ಕೂಲಿಂದ ಬಂದವಳೇ ನೀರಿನ ಬೋಗುಣಿ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಅಲ್ಲಿ ಯಾರೂ ಪಂಚರಿಗೆಂದು ಚಕ್ರ ಬಿಚ್ಚುತ್ತಿರಲಿಲ್ಲ. ಟೈರಿನ ಒಂದು ಮಗ್ಗುಲನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಎಳೆದುಕೊಂಡು, ಗಾಳಿ ತುಂಬಿ, ಗೇಣುಗೇಣಾಗಿ ನೀರಿನಲ್ಲಿ ಅದ್ದಬೇಕು. ಗುಳ್ಳೆ ಎದ್ದ ಕಡೆ ಗುರುತು ಹಾಕಿ, ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಸವರಿ, ಅದು ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು ತೇಪೆ ಒತ್ತಬೇಕು. ಅಷ್ಟಾದ ಮೇಲೂ ಅಪ್ಪ ಕೇಳುತ್ತಿದ್ದರು: “ಪುಟ್ಟಿ, ತೇಪೆ ಯಾರು ಬೇಕಾದ್ರೂ ಹಾಕ್ತಾರೆ. ಮುಳ್ಳೆಲ್ಲಿ?” ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಕಿತ್ತು ಅವರ ಅಂಗೈಗೆ ಹಾಕಿದ ಮೇಲೇ ಕೆಲಸ ಮುಗಿದ ಲೆಕ್ಕ.

ಕೆನಡಾದ ಅಜ್ಜನ ಟೈರಿನಲ್ಲಿ ಬೆರಳಾಡಿಸಿದಾಗ ಸಿಕ್ಕ ಮುಳ್ಳು ನೋಡಿ ನನಗೆ ನಗು ಬಂತು. ನೆಗ್ಗಿಲು! ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟುಕೊಂಡು ನೆಲಕ್ಕೆ ಹಬ್ಬುವ ಅದೇ ನೆಗ್ಗಿಲು. ಕಾಯಿ ಒಣಗಿ ಐದು ಹೋಳಾಗುತ್ತದೆ, ಒಂದೊಂದು ಹೋಳಿಗೂ ಎರಡು ಕೊಂಬು. ಅಮೆರಿಕದವರು ಇದನ್ನು ಮೇಕೆತಲೆ ಎನ್ನುತ್ತಾರೆ. ಇದು ಅಲ್ಲಿನ ಗಿಡವಲ್ಲ, ಕುರಿ ಉಣ್ಣೆಗೆ ಅಂಟಿಕೊಂಡು ಬಂತೆನ್ನುತ್ತಾರೆ. ಇದನ್ನು ಹತೋಟಿಗೆ ತರಲು 1961ರಲ್ಲಿ ಎರಡು ಜಾತಿಯ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿ ಬಿಟ್ಟರಂತೆ. ಹುಳುಗಳು ತಿಂದು ಉಳಿಸಿದ್ದೆಲ್ಲ ನನ್ನ ಪಾಲಿಗೆ ಬಂತು.

ಲಾ ಪೋಸಾ ಎಂದರೆ ಅಂಗಡಿ ಮುಂಗಟ್ಟು, ಕರೆಂಟು ಕಂಬ ಯಾವುದೂ ಇಲ್ಲದ ಕಲ್ಲುನೆಲ. ಒಕ್ಕೂಟ ಸರ್ಕಾರದ ಭೂ ಇಲಾಖೆ 1983ರಿಂದ ಇಂಥ ಬಯಲುಗಳನ್ನು ಚಳಿಗಾಲದ ವಲಸಿಗರಿಗೆ ಬಿಟ್ಟುಕೊಟ್ಟಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳಿಗೆ ನಾವು ಕೊಟ್ಟ ಬಾಡಿಗೆ 180 ಡಾಲರ್. ಸುತ್ತಲಿನ ಬೇರೆ ಬಯಲುಗಳಲ್ಲಿ ಹದಿನಾಲ್ಕು ದಿನ ಪುಕ್ಕಟೆ, ಆಮೇಲೆ ಜಾಗ ಖಾಲಿ ಮಾಡಬೇಕು. ಊರಿನ ಜನಸಂಖ್ಯೆ ಎರಡೂವರೆ ಸಾವಿರವೂ ಇಲ್ಲ. ಜನವರಿ ಬಂತೆಂದರೆ ಎಲ್ಲಿ ನೋಡಿದರೂ ಬಿಳಿ ಆರ್‌ವಿಗಳು, ಜಾತ್ರೆಗೆ ಕಟ್ಟಿದ ಗಾಡಿಗಳ ಹಾಗೆ. ಮನೆಯನ್ನೇ ಓಡಿಸಿಕೊಂಡು ಬಂದವರಿಗೆ ಹಾಲು ತರಲು ಮನೆ ಎಬ್ಬಿಸುವುದು ಕಷ್ಟ. ಅದಕ್ಕೇ ಪ್ರತಿ ಗಾಡಿಯ ಬೆನ್ನಿಗೆ ಒಂದೆರಡು ಸೈಕಲ್ಲು.

ಆ ಸೈಕಲ್ಲುಗಳ ಪಾಡು ಬೇರೆ. ವಾಷಿಂಗ್ಟನ್ನಿನ ಮಳೆಯಲ್ಲಿ ನೆಂದು, ಸಾವಿರಾರು ಮೈಲಿ ಧೂಳು ಕುಡಿದು ಬಂದಿರುತ್ತಿದ್ದವು. ಚೈನು ತುಕ್ಕು ಹಿಡಿದು ಕೋಲಿನಂತೆ ನೆಟ್ಟಗೆ ನಿಲ್ಲುತ್ತಿತ್ತು, ಬಿಸಿಲಿಗೆ ಟೈರಿನ ಮಗ್ಗುಲು ಒಣಕೆರೆಯಂತೆ ಸೀಳುಬಿಟ್ಟಿರುತ್ತಿತ್ತು. ಎಣ್ಣೆ, ಬ್ರೇಕ್ ವೈರು, ಎರಡು ಕಡ್ಡಿ ಬಿಗಿದರೆ ಸಂಜೆಗೆ ತಯಾರು. ಸರ್ಕಾರದ ಜಾಗದಲ್ಲಿ ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ನಾನು ದುಡ್ಡು ಮುಟ್ಟಲಿಲ್ಲ. ಸೌದೆ ಬಂತು, ಆಪಲ್ ಪೈ ಬಂತು. ಯೂಮಾ ಕಡೆಯಿಂದ ಒಬ್ಬರು ತಂದ ಚೀಲ ನಿಂಬೆಹಣ್ಣನ್ನು ಆರ್‌ವಿ ನೆತ್ತಿಯ ಮೇಲೆ ಬಿಸಿಲಿಗಿಟ್ಟು ಉಪ್ಪಿನಕಾಯಿ ಹಾಕಿದೆ. ಮುಂದಿನ ಗಿರಾಕಿಗಳಿಗೆ ಅದರ ರುಚಿಯನ್ನೂ ತೋರಿಸಿದೆ. ಇಬ್ಬರು ಓಡಿಹೋದರು, ಒಬ್ಬರು ಬಾಟಲಿ ತಂದರು.

ನಾನು ಚಕ್ರ ಬಿಚ್ಚದೆ ಪಂಚರ್ ಹಾಕುವುದು ಮಾತ್ರ ಅವರಿಗೆ ತಮಾಷೆ. ಅಲ್ಲಿನ ಸೈಕಲ್‌ಗಳಲ್ಲಿ ಒಂದು ಹಿಡಿ ತಿರುವಿದರೆ ಚಕ್ರ ಕೈಗೆ ಬರುತ್ತದೆ. ಹಳೇ ಟ್ಯೂಬು ಬಿಸಾಕಿ ಹೊಸದು ಹಾಕಿದರೆ ಹತ್ತು ನಿಮಿಷದ ಕೆಲಸ. ಪಕ್ಕದ ಗಾಡಿಯ ನಿವೃತ್ತ ಮೆಕ್ಯಾನಿಕ್ ಒಬ್ಬರು ಬಹಳ ವಿನಯದಿಂದಲೇ ಅದನ್ನು ತೋರಿಸಿಕೊಟ್ಟರು. ನಾಚಿಕೆಯಾಯಿತು. ನಾನೂ ಇಪ್ಪತ್ತು ಇಂಚು, ಇಪ್ಪತ್ತಾರು ಇಂಚಿನ ಹೊಸ ಟ್ಯೂಬುಗಳನ್ನು ತಂದಿಟ್ಟುಕೊಂಡು ಅವರಂತೆಯೇ ಮಾಡತೊಡಗಿದೆ. ಬೋಗುಣಿ ಪಾತ್ರೆ ತೊಳೆಯಲು ಹೋಯಿತು.

ಕೊರೊನಾ ಕಳೆದ ಚಳಿಗಾಲಕ್ಕೆ ಬಯಲಿನ ಸದ್ದೇ ಬದಲಾಗಿತ್ತು. ಚೈನಿನ ಕಿರಕಿರ ಹೋಗಿ ಮೋಟಾರಿನ ಗುಂಯ್ ಬಂದಿತ್ತು. ಎಲ್ಲೆಲ್ಲೂ ಬ್ಯಾಟರಿ ಸೈಕಲ್ಲು: ನಾಲ್ಕಿಂಚು ಅಗಲದ ಟೈರು, ಹಿಂದಿನ ಚಕ್ರದೊಳಗೇ ಮೋಟಾರು, ಎತ್ತಲು ಹೋದರೆ ಸಿಮೆಂಟು ಮೂಟೆಯ ಅರ್ಧಕ್ಕಿಂತ ಹೆಚ್ಚು ತೂಕ. ಮಂಡಿ ನೋವಿನವರೆಲ್ಲ ಮತ್ತೆ ಸೈಕಲ್ ಹತ್ತಿದ್ದರು. ನನಗೆ ಅದು ಸಂತೋಷವೇ. ಮುಳ್ಳಿಗೆ ಮಾತ್ರ ಹಳೇದು ಹೊಸದೆಂಬ ಭೇದವಿಲ್ಲವಲ್ಲ. ಹಿಂದಿನ ಚಕ್ರ ಬಿಚ್ಚಬೇಕೆಂದರೆ ಮೋಟಾರಿನ ವೈರು ಬಿಡಿಸಬೇಕು, ಅದನ್ನು ಬಿಗಿದ ಪ್ಲಾಸ್ಟಿಕ್ ಕಟ್ಟು ಕತ್ತರಿಸಬೇಕು, ದೊಡ್ಡ ನಟ್ಟು ಸಡಿಲಿಸಿ ವಾಷರ್‌ಗಳು ಇದ್ದ ಕ್ರಮ ನೆನಪಿಟ್ಟುಕೊಳ್ಳಬೇಕು. ಮೊದಲ ಸಲ, ಒಬ್ಬ ಹೆಂಗಸಿನ ಸೈಕಲ್ಲಿನಲ್ಲಿ, ಕಟ್ಟಿನ ಜೊತೆ ವೈರನ್ನೂ ಕತ್ತರಿಸಿದೆ. ಅದರ ಬೆಲೆ ಕೈಯಿಂದ ತೆತ್ತೆ. ಬಿಡಿಭಾಗ ಅಂಚೆಯಲ್ಲಿ ಬರುವವರೆಗೆ ಆ ಹೆಂಗಸಿಗೆ ನನ್ನ ಸೈಕಲ್ಲು ಕೊಟ್ಟು ನಾನು ನಡೆದೆ.

ವೈರು ಕತ್ತರಿಸಿದ ರಾತ್ರಿ ನಿದ್ದೆ ಬರಲಿಲ್ಲ. ಚಕ್ರ ಯಾಕೆ ಬಿಚ್ಚಬೇಕು? ಅಪ್ಪ ಬಿಚ್ಚುತ್ತಿದ್ದರಾ? ಹಿಂದಿನ ಚಕ್ರ, ಚೈನ್ ಕವರು, ಸ್ಟ್ಯಾಂಡು, ಕ್ಯಾರಿಯರು, ಎಲ್ಲ ಒಂದೇ ಆಕ್ಸಲ್ಲಿಗೆ ಬಿಗಿದ ಭಾರದ ಸೈಕಲ್ಲುಗಳನ್ನು ಅವರು ಬಿಚ್ಚದೇ ಇದ್ದದ್ದು ತಿಳಿಯದೆಯಲ್ಲ, ತಿಳಿದೇ.

ಮಾರನೆಯ ಬೆಳಿಗ್ಗೆ ಬೋಗುಣಿ ಅಡುಗೆಮನೆಯಿಂದ ವಾಪಸು ಬಂತು. ಹಳೇ ಕಂಬಳಿ ಮಡಿಸಿ ನೆಲಕ್ಕೆ ಹಾಸಿ, ಇವರ ಕೈಲಿ ಒಂದು ತುದಿ ಹಿಡಿಸಿ, ಸೈಕಲ್ಲನ್ನು ಮಗುವಿನ ಹಾಗೆ ಮಗ್ಗುಲಾಗಿ ಮಲಗಿಸಿದೆವು. ಟೈರಿನ ಮಗ್ಗುಲು ಎಬ್ಬಿಸಿ, ಟ್ಯೂಬು ಎಳೆದು, ನೀರಲ್ಲಿ ಅದ್ದಿ, ತೇಪೆ ಒತ್ತಿ, ಬೆರಳಾಡಿಸಿ, ಮುಳ್ಳು ತೆಗೆದೆ. ವೈರು ಮುಟ್ಟಲಿಲ್ಲ, ನಟ್ಟು ಮುಟ್ಟಲಿಲ್ಲ. ಅರ್ಧ ಗಂಟೆ. ಹತ್ತು ವರ್ಷದ ಹಿಂದೆ ಚಕ್ರ ಬಿಚ್ಚಿ ತೋರಿಸಿದ್ದ ಮೆಕ್ಯಾನಿಕ್ ಕುರ್ಚಿ ತಂದು ಹಾಕಿಕೊಂಡು ಕೂತು ನೋಡಿದರು.

ಎಲ್ಲವೂ ನನ್ನ ಕೈಗೆ ಬಗ್ಗಿತೆಂದಲ್ಲ. ಪರದೆಯ ಮೇಲೆ ಯಾವುದೋ ಅಂಕಿ ಮಿನುಗಿಸಿ ನಿಂತುಬಿಡುವ ಸೈಕಲ್ಲಿಗೆ ನನ್ನಲ್ಲಿ ಮದ್ದಿರಲಿಲ್ಲ. ಬ್ಯಾಟರಿ ಪೆಟ್ಟಿಗೆಯನ್ನು ನಾನು ತೆರೆಯುತ್ತಲೇ ಇರಲಿಲ್ಲ. ಮೊದಲು ಸಂಜೆಗೆ ಸರಿಮಾಡಿ ಕೊಡುತ್ತಿದ್ದ ಎಷ್ಟೋ ಕೆಲಸ ಆಗ ಅಂಚೆಯ ಪೊಟ್ಟಣಕ್ಕೆ ಕಾಯುತ್ತಿತ್ತು.

2023ರ ಏಪ್ರಿಲ್‌ಗೆ ಮುಗಿದದ್ದು ನಮ್ಮ ಕೊನೆಯ ಸೀಸನ್ನು. ಕುಕ್ಕರುಗಾಲಲ್ಲಿ ಕೂತರೆ ಎದ್ದೇಳಲು ಇವರ ಕೈ ಬೇಕಾಗಿತ್ತು. ವ್ಯಾನಿನಲ್ಲಿ ಒಬ್ಬಳೇ ಬದುಕುತ್ತಿದ್ದ ಹುಡುಗಿಯೊಬ್ಬಳು ಪಂಚರ್ ತಂದಳು. ನಾನು ಕುರ್ಚಿಯಲ್ಲಿ ಕೂತು ಹೇಳಿದೆ, ಅವಳು ಮಾಡಿದಳು. ತೇಪೆ ಒತ್ತಿ ಖುಷಿಯಿಂದ ಟೈರು ಮುಚ್ಚಲು ಹೋದವಳಿಗೆ ಕೇಳಿದೆ: ಮುಳ್ಳೆಲ್ಲಿ? ಬೋಗುಣಿ, ಲಿವರು, ಉಪ್ಪುಕಾಗದ ಎಲ್ಲ ಅವಳ ವ್ಯಾನಿಗೆ ಹೋಯಿತು.

ಮರುವರ್ಷ ಜನವರಿಯಲ್ಲಿ, ಮಗಳ ಮನೆಯಲ್ಲಿದ್ದಾಗ, ಫೋನಿಗೆ ಅವಳ ಒಂದು ಫೋಟೋ ಬಂತು. ಕಂಬಳಿಯ ಮೇಲೆ ಯಾರದೋ ಸೈಕಲ್ಲು ಮಲಗಿದೆ, ಚಕ್ರ ಇದ್ದಲ್ಲೇ ಇದೆ, ಟ್ಯೂಬು ಬೋಗುಣಿಯಲ್ಲಿದೆ. ಪಕ್ಕದಲ್ಲಿ ಅವಳ ಅಂಗೈ, ಅದರ ನಡುವೆ ನೆಗ್ಗಿಲು.